ಅನಾದಿ ಅಂದ್ರೆ ಎಷ್ಟನೇ ಮೆಟ್ಟಿಲು?

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಅವನನ್ನು ಅಶರೀರವಾಣಿ ಎಂದೇ ಕರೆಯುತ್ತಿದ್ದರು. ಮೇಲಿನ ಮಹಡಿಯ ತಾರಾಲಯದಲ್ಲಿ ದೀಪ ಆರಿದ ಕೂಡಲೇ ಕತ್ತಲೊಳಗಿಂದ ಹೊರಡುತ್ತಿದ್ದ ಆ ದನಿಗೆ ಹೆಸರು ಚೆನ್ನಾಗಿಯೇ ಒಪ್ಪುತ್ತಿತ್ತು. ದೀಪ ಹಾಕಿದ ಮೇಲೆ ಮಾತ್ರ ಒಪ್ಪುತ್ತಿರಲಿಲ್ಲ, ಏಕೆಂದರೆ ಶರೀರ ಧಾರಾಳವಾಗಿತ್ತು. ಬೆನ್ನ ಹಿಂದೆ ಜನ ಅದನ್ನೂ ಮೊಟಕು ಮಾಡಿ 'ವಾಣಿ ಬಂದ್ಲು' ಅನ್ನುತ್ತಿದ್ದರು. ಇದು ಅವನ ಕಿವಿಗೂ ಬಿದ್ದಿತ್ತು. ಕೇಳಿಯೂ ಕೇಳದವನ ಹಾಗೆ ಇರುವುದು ದೊಡ್ಡವರ ಲಕ್ಷಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಅವನೇನೂ ಖಗೋಳಶಾಸ್ತ್ರ ಓದಿದವನಲ್ಲ. ಮೊದಲು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ರೈಲು ಎಷ್ಟು ತಡ ಎಂದು ಸಾರುತ್ತಿದ್ದವನು. ಅವನ ಬಾಯಲ್ಲಿ ಕೇಳಿದರೆ ಎರಡು ಗಂಟೆ ತಡವೂ ಪ್ರಯಾಣಿಕರಿಗೆ ಸಿಕ್ಕಿದ ಸೌಭಾಗ್ಯದ ಹಾಗೆ ಇರುತ್ತಿತ್ತು. ಹಾಗೆ ಒಮ್ಮೆ ರೈಲಿಗೆ ಕಾದು ಸುಸ್ತಾಗಿದ್ದ ಹಿಂದಿನ ನಿರ್ದೇಶಕರು, ಇಷ್ಟು ಕೆಟ್ಟ ಸುದ್ದಿಯನ್ನು ಇಷ್ಟು ಚೆನ್ನಾಗಿ ಹೇಳುವವನು ಆಕಾಶದ ಬಗ್ಗೆ ಇನ್ನೆಷ್ಟು ಚೆನ್ನಾಗಿ ಹೇಳಿಯಾನು ಎಂದು ಕರೆದುಕೊಂಡು ಬಂದು ಗುಮ್ಮಟದ ಕೆಳಗೆ ಕೂರಿಸಿದ್ದರು. ಬಂದ ಮೇಲೆ ನಕ್ಷತ್ರಗಳ ಹೆಸರು, ಜಾಗ, ದೂರ ಎಲ್ಲ ಕಲಿತ. ವಯಸ್ಸನ್ನು ಮಾತ್ರ ಕಲಿಯಲಿಲ್ಲ. ವಯಸ್ಸು ಕೇಳಿದವರಿಗೆ ಹೇಳಲು ಅವನ ಹತ್ತಿರ ಒಂದು ಒಳ್ಳೆಯ ಪದವಿತ್ತು: ಅನಾದಿ. ಆ ಪದಕ್ಕೆ ಅವನ ದನಿಯಲ್ಲಿ ವಿಶೇಷ ಕಳೆ ಬರುತ್ತಿತ್ತು. ಗುಮ್ಮಟದ ಒಂದು ಮೂಲೆಯಲ್ಲಿ ಹೊರಟ 'ಅ' ಇನ್ನೊಂದು ಮೂಲೆ ಮುಟ್ಟಿ ಬರುವುದರೊಳಗೆ 'ದಿ' ಮುಗಿದಿರುತ್ತಿತ್ತು.

ಅವನ ಪ್ರದರ್ಶನದ ಕೊನೆಯ ಮಾತಂತೂ ಹೆಸರುವಾಸಿ. ಬೆಳಕಿನ ಬಾಣವನ್ನು ಮೊದಲು ಕೃತ್ತಿಕೆಯ ಮೇಲೆ, ಆಮೇಲೆ ಕೆಂಪಗೆ ಮಿನುಗುವ ಆರ್ದ್ರೆಯ ಮೇಲೆ ನಿಲ್ಲಿಸಿ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, "ಮಾನ್ಯರೇ, ಇವು ಅನಾದಿ. ಡೈನೋಸಾರುಗಳೂ ಇದೇ ನಕ್ಷತ್ರಗಳನ್ನು ತಲೆಯೆತ್ತಿ ನೋಡಿದ್ದವು," ಎನ್ನುತ್ತಿದ್ದ. ಆಗ ಗುಮ್ಮಟದ ಅಂಚಿನಲ್ಲಿ ಉದ್ದ ಕತ್ತಿನ ಡೈನೋಸಾರುಗಳ ನೆರಳು ಏಳುತ್ತಿತ್ತು. ಆ ನೆರಳಿನ ತಗಡನ್ನು ಅವನೇ ಕೈಯಾರೆ ಕತ್ತರಿಸಿದ್ದ. ಜನ 'ಆಹಾ' ಅನ್ನುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ 'ಆಹಾ' ಕೇಳಿಕೊಂಡು ಅವನು ಇನ್ನಷ್ಟು ದಪ್ಪಗಾಗಿದ್ದ.

ಕೆಳಗಿನ ಮಹಡಿಯಲ್ಲಿ ಅವನ ಅಕ್ಕ ಇದ್ದಳು. ಪಳೆಯುಳಿಕೆ ವಿಭಾಗ ಅವಳದು. ಕಲ್ಲಿನೊಳಗೆ ಸಿಕ್ಕಿಕೊಂಡ ಚಿಪ್ಪು, ಹಲ್ಲು, ಮೂಳೆಗಳನ್ನು ಸೂಜಿ ಕುಂಚಗಳಿಂದ ಬಿಡಿಸುವುದು, ಬಿಡಿಸಿದ್ದರ ಕಾಲ ನಿರ್ಧರಿಸುವುದು ಅವಳ ಕೆಲಸ. ಒಂದು ಬಸವನಹುಳುವಿನ ಚಿಪ್ಪಿಗೆ ಮೂರು ತಿಂಗಳು ಹಿಡಿದರೂ ಅವಳಿಗೆ ಬೇಸರವಿಲ್ಲ. ಮಾತು ಕಡಿಮೆ. ತುಂಬಿದ ಕೊಡ ತುಳುಕುವುದಿಲ್ಲ ಅಂತಾರಲ್ಲ, ಆ ಗಾದೆಯ ಪೂರ್ವಾರ್ಧ ಅಕ್ಕ ಆದರೆ, ಹೇಳದೆ ಬಿಟ್ಟ ಉತ್ತರಾರ್ಧ ತಮ್ಮ.

ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹನ್ನೊಂದು. ಅಪ್ಪ ಲಾರಿ ಓಡಿಸುತ್ತ ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಅವನನ್ನು ಮೀಯಿಸಿ, ಉಣ್ಣಿಸಿ, ಶಾಲೆಗೆ ಅಟ್ಟಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಹದಿನಾಲ್ಕಕ್ಕೆ ಅವನು ಅವಳಿಗಿಂತ ಒಂದು ಗೇಣು ಎತ್ತರವಾದ. ಹದಿನೈದಕ್ಕೆ ದನಿ ಒಡೆಯಿತು. ಅಲ್ಲಿಗೆ ಮನೆಯಲ್ಲಿ ದೊಡ್ಡವರು ಯಾರು ಎಂಬ ಪ್ರಶ್ನೆ ಇತ್ಯರ್ಥವಾಯಿತು. ಕಡೇ ಪಕ್ಷ ಅವನ ಮಟ್ಟಿಗೆ. ಮನೆ ಮಾಲೀಕರ ಹತ್ತಿರ ಮಾತಾಡುವವನು ಅವನು, ಬಾಡಿಗೆ ಕಟ್ಟುವವಳು ಅವಳು. ನಡುವೆ ಒಂದೂವರೆ ವರ್ಷ ಅವನಿಗೆ ಮದುವೆಯೂ ಆಗಿತ್ತು. "ಉಪ್ಪು ಕೊಡು ಅನ್ನೋದನ್ನೂ ನೀವು ಗುಮ್ಮಟದ ದನೀಲೇ ಹೇಳ್ತೀರಿ," ಎಂದು ಹೆಂಡತಿ ಬಿಟ್ಟುಹೋದಳು. ಅವನು ಪೆಟ್ಟಿಗೆ ಎತ್ತಿಕೊಂಡು ಮತ್ತೆ ಅಕ್ಕನ ಮನೆಗೆ ಬಂದು, ಮನೆಯ ಯಜಮಾನಿಕೆಯನ್ನು ದೊಡ್ಡ ಮನಸ್ಸಿನಿಂದ ಪುನಃ ವಹಿಸಿಕೊಂಡ.

ಅಕ್ಕ ಯಾಕೆ ಮದುವೆಯಾಗಲಿಲ್ಲ ಎಂದು ಅವನು ಯಾವತ್ತೂ ಅವಳನ್ನು ಕೇಳಿರಲಿಲ್ಲ. ಬೇರೆಯವರು ಕೇಳಿದರೆ ಅವಳಿಗಿಂತ ಮುಂಚೆ ಅವನೇ ಬಾಯಿ ಹಾಕುತ್ತಿದ್ದ. "ಅಕ್ಕನಿಗೆ ಕಲ್ಲುಗಳೇ ಪ್ರಪಂಚ."

ಆ ಅಕ್ಕ ಒಂದು ಸಂಜೆ ಊಟ ಬಡಿಸುತ್ತ, "ಮುಂದಿನ ಗುರುವಾರ ಮದುವೆ ಆಗ್ತಿದೀನಿ ಕಣೋ," ಎಂದಳು.

"ಯಾರ ಮದುವೆಗೆ ಹೋಗ್ತಿದೀಯ?"

"ಹೋಗ್ತಿಲ್ಲ. ಆಗ್ತಿದೀನಿ. ಲಿಫ್ಟ್ ರಿಪೇರಿಯವರನ್ನ."

ಅವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ವಸ್ತುಸಂಗ್ರಹಾಲಯದ ಆ ಲಿಫ್ಟು ಯಾಕೆ ತಿಂಗಳಿಗೆ ನಾಲ್ಕು ಸಲ, ಅದೂ ಸರಿಯಾಗಿ ಪಳೆಯುಳಿಕೆ ವಿಭಾಗದ ಎದುರೇ ಕೆಟ್ಟು ನಿಲ್ಲುತ್ತಿತ್ತು ಎಂಬುದು ಅವನಿಗೆ ಆಗ ಹೊಳೆಯಿತು. ಮೂರು ವರ್ಷದಿಂದ ಅವನು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟದ್ದು ಇವರಿಬ್ಬರ ಪ್ರೇಮಕ್ಕೆ! ಹೆಂಡತಿ ತೀರಿಹೋದ ಮನುಷ್ಯ, ಎಣ್ಣೆ ಮೆತ್ತಿದ ಕೈ, ಮುಖ ಕಂಡರೆ 'ನಮಸ್ಕಾರ ಸಾರ್' ಅನ್ನುವ ಮೆದುಮಾತು.

"ಅವನ ವಯಸ್ಸೆಷ್ಟು ಗೊತ್ತಾ ನಿನಗೆ?"

"ಐವತ್ತೊಂದು."

"ನಿನಗೆ ಐವತ್ತೇಳು."

"ನನ್ನ ವಯಸ್ಸು ನನಗೆ ಗೊತ್ತು."

"ನನಗೆ ಐವತ್ತೆರಡು! ನನಗಿಂತ ಒಂದು ವರ್ಷ ಚಿಕ್ಕವನನ್ನ ನಾನು ಭಾವ ಅನ್ನಬೇಕಾ?" ಎಂದು ಗುಡುಗಿದ. ಗುಡುಗಿದ ಮೇಲೆ, ಇಷ್ಟು ದೊಡ್ಡ ವಿಷಯದಲ್ಲಿ ತನಗೆ ಸಿಕ್ಕಿದ ತಕರಾರು ಇಷ್ಟು ಸಣ್ಣದೇ ಎಂದು ಅವನಿಗೇ ನಾಚಿಕೆಯಾಯಿತು. ಆದರೆ ಗುಮ್ಮಟದ ದನಿ ಒಮ್ಮೆ ಹೊರಟರೆ ವಾಪಸ್ ಕರೆಯಲು ಬರುವುದಿಲ್ಲ. "ಈ ಮನೆಗೆ ದೊಡ್ಡವನಾಗಿ ನಾನು ಒಪ್ಪಲ್ಲ. ನಾನು ಬರೋದೂ ಇಲ್ಲ."

ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. "ನೋಂದಣಿ ಕಚೇರಿ, ಹನ್ನೊಂದು ಗಂಟೆ. ನನ್ನ ಕಡೆಯಿಂದ ಒಬ್ಬರು ಸಾಕ್ಷಿ ಬೇಕು. ನೀನು ಬಂದ್ರೆ ನೀನು ಸಹಿ ಹಾಕು. ಇಲ್ಲಾಂದ್ರೆ ನಮ್ಮ ಮ್ಯೂಸಿಯಂ ಕಾವಲುಗಾರ ಹಾಕ್ತೀನಿ ಅಂದಿದಾನೆ."

ಹಾಸಿಗೆಯಲ್ಲಿ ಹೊರಳುತ್ತ ಅವನು ಕೋಪ ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟ. ಆದರೆ ಕೋಪದ ಕೆಳಗೆ ಇದ್ದದ್ದು ಬರೀ ಹೆದರಿಕೆ. ಅಕ್ಕ ಹೋದ ಮೇಲೆ ಈ ಮನೆಗೆ ಬೀಗ ತೆಗೆದು ಒಳಗೆ ಬರುವವನು ತಾನೊಬ್ಬನೇ ಎಂಬುದು ಅವನಿಗೆ ಸಹಿಸಲಾಗದಷ್ಟು ಹೆದರಿಕೆ ಹುಟ್ಟಿಸಿತು. ಮದುವೆಯ ಆ ಒಂದೂವರೆ ವರ್ಷ ಬಿಟ್ಟರೆ, ಅಕ್ಕನಿಲ್ಲದ ಮನೆಯಲ್ಲಿ ಅವನು ಒಂದು ದಿನವೂ ಬಾಳಿದವನಲ್ಲ.

ಅದೇ ವಾರ ಹೊಸ ನಿರ್ದೇಶಕಿ ಒಂದು ಕೆಲಸ ಹಚ್ಚಿದರು. ಕೆಳಗಿನ ಪಳೆಯುಳಿಕೆಗಳಿಂದ ಮೇಲಿನ ಗುಮ್ಮಟಕ್ಕೆ ಹೋಗುವ ಮೂವತ್ತು ಮೆಟ್ಟಿಲಿನ ದಾರಿಯನ್ನು ಕಾಲದ ದಾರಿ ಮಾಡಬೇಕು. ಒಂದು ಮೆಟ್ಟಿಲಿಗೆ ಎರಡು ಕೋಟಿ ವರ್ಷ. ಬುಡದಲ್ಲಿ ಅರವತ್ತು ಕೋಟಿ ವರ್ಷದ ಹಿಂದಿನ ಕಾಲ, ತುದಿಯಲ್ಲಿ ಇವತ್ತು. ಯಾವ ಜೀವಿ ಯಾವಾಗ ಹುಟ್ಟಿತು, ಯಾವ ನಕ್ಷತ್ರ ಯಾವಾಗ ಹುಟ್ಟಿತು ಎಂದು ಆಯಾ ಮೆಟ್ಟಿಲ ಪಕ್ಕದ ಗೋಡೆಗೆ ಹಿತ್ತಾಳೆಯ ಫಲಕ ಹೊಡೆಯಬೇಕು. "ಅಕ್ಕ ತಮ್ಮ ಸೇರಿ ಮಾಡಿ. ಎಷ್ಟು ಚೆಂದ ಅಲ್ವಾ!" ಎಂದರು ನಿರ್ದೇಶಕಿ. ಅಕ್ಕ ತಮ್ಮ ಮೂರು ದಿನದಿಂದ ಮಾತಾಡಿಲ್ಲ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಫಲಕಗಳು ಬಂದವು. ಗೋಡೆಗೆ ತೂತು ಕೊರೆಯಲು ಡ್ರಿಲ್ಲು ಹಿಡಿದುಕೊಂಡು ಬಂದವನು ಮತ್ತಾರು, ಲಿಫ್ಟಿನವನೇ. ಅಶರೀರವಾಣಿ ತನ್ನ ನಕ್ಷತ್ರಗಳ ಗಂಟನ್ನು ಬುಡದ ಮೆಟ್ಟಿಲ ಮೇಲೆ ಇಳಿಸಿ, ಗೋಡೆಯನ್ನು ನೋಡುತ್ತ ಸಾರಿದ: "ನಮ್ಮವೆಲ್ಲ ಇಲ್ಲೇ ಬುಡದಲ್ಲಿ. ಮೊದಲು ಆಕಾಶ, ಆಮೇಲೆ ನಿಮ್ಮ ಬಸವನಹುಳ."

ಅಕ್ಕ ಒಂದು ಫಲಕವನ್ನು ಎತ್ತಿ ಓದಿದಳು. "ಆರ್ದ್ರಾ. ಇದರ ವಯಸ್ಸೆಷ್ಟು?"

"ಅನಾದಿ."

"ಅನಾದಿ ಅಂದ್ರೆ ಎಷ್ಟನೇ ಮೆಟ್ಟಿಲು?"

ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಕತ್ತಲಲ್ಲಿ ಒರಗುಕುರ್ಚಿಯಲ್ಲಿ ಮಲಗಿದ ಜನ ಪ್ರಶ್ನೆ ಕೇಳುವುದಿಲ್ಲ, ಆಹಾ ಅನ್ನುತ್ತಾರೆ, ಕೆಲವರು ಗೊರಕೆ ಹೊಡೆಯುತ್ತಾರೆ. "ಸರಿ, ಅಂಕಿ ಬೇಕಾ? ಅಂಕಿ ತರ್ತೀನಿ," ಎಂದು ದಡದಡನೆ ಮೇಲೆ ಹೋಗಿ ಕಪಾಟಿನಿಂದ ದಪ್ಪ ಪುಸ್ತಕ ತೆಗೆದ. ಪುಟ ತಿರುವಿದ. ಓದಿದ. ಮುದ್ರಣದ ತಪ್ಪಿರಬೇಕು ಎಂದುಕೊಂಡು ಇನ್ನೊಂದು ಪುಸ್ತಕ ತೆಗೆದ. ಮೊದಲ ಪುಸ್ತಕ ಆರ್ದ್ರೆಗೆ ಒಂದು ಕೋಟಿ ವರ್ಷ ಕೊಟ್ಟಿತ್ತು. ಎರಡನೆಯದು ಅಷ್ಟೂ ಕೊಡಲಿಲ್ಲ.

ಒಂದು ಕೋಟಿ. ಡೈನೋಸಾರುಗಳು ಅಳಿದು ಆರೂವರೆ ಕೋಟಿ ವರ್ಷ ದಾಟಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದ. ನಕ್ಷತ್ರ ಹುಟ್ಟುವ ಮುಂಚೆ ಅದಕ್ಕೆ ಪ್ರೇಕ್ಷಕರನ್ನು ಕರೆತಂದು ಕೂರಿಸಿದವನು ಲೋಕದಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿತು. ಕೃತ್ತಿಕೆಯನ್ನು ನೋಡಿದ. ಹನ್ನೊಂದು ಕೋಟಿ ಚಿಲ್ಲರೆ. ಕಡೆಗಾಲದ ಡೈನೋಸಾರುಗಳಿಗೆ ಅದು ಕಂಡೀತು. ಆದರೆ ಅವನು ಅಷ್ಟು ಮುತುವರ್ಜಿಯಿಂದ ತಗಡು ಕತ್ತರಿಸಿ ಮಾಡಿದ ಉದ್ದ ಕತ್ತಿನವು ಅದಕ್ಕೂ ಹಿಂದಿನ ಕಾಲದ ಜಾತಿ. ಅವು ಎಷ್ಟು ಕತ್ತು ಉದ್ದ ಮಾಡಿದರೂ ಅಲ್ಲಿ ನೋಡಲು ಏನೂ ಇರಲಿಲ್ಲ. ಲುಬ್ಧಕ ನಕ್ಷತ್ರಕ್ಕೆ ಇಪ್ಪತ್ತನಾಲ್ಕು ಕೋಟಿ; ಮೊದಲ ಡೈನೋಸಾರಿಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ತರಗತಿಯಲ್ಲಿ ಓದಬಹುದಿತ್ತು. ಕೊನೆಗೆ ಹೆಸರಿನಲ್ಲೇ ಹಿರಿತನ ಇಟ್ಟುಕೊಂಡ ಜ್ಯೇಷ್ಠಾ ನಕ್ಷತ್ರವಾದರೂ ಮಾನ ಉಳಿಸೀತು ಎಂದು ಹುಡುಕಿದ. ಅದರ ವಯಸ್ಸು ಒಂದೂವರೆ ಕೋಟಿಯೂ ಇಲ್ಲ. ಪಕ್ಕಾ ನನ್ನ ಹಾಗೆ, ಎಂದುಕೊಂಡ ಅಶರೀರವಾಣಿ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಗಂಭೀರವಾಗಿ ಇಳಿದು ಬಂದ. "ಸ್ವಾತಿ ನಕ್ಷತ್ರಕ್ಕೆ ಏಳುನೂರು ಕೋಟಿ ವರ್ಷ. ಭೂಮಿಗಿಂತ ಹಳೇದು," ಎಂದ, ಬೇರೆ ಯಾವುದನ್ನೂ ಹೇಳದೆ.

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಅದಕ್ಕೆ ಇನ್ನೂ ಮುನ್ನೂರಿಪ್ಪತ್ತು ಮೆಟ್ಟಿಲು ಕೆಳಗೆ ಹೋಗಬೇಕು. ಬಾವಿ ತೋಡಿಸಬೇಕಾಗತ್ತೆ."

ಲಿಫ್ಟಿನವನು ನಗು ತಡೆಯಲು ಡ್ರಿಲ್ಲಿನ ತುದಿಯನ್ನು ಒರೆಸತೊಡಗಿದ. ಆಮೇಲೆ ಆರ್ದ್ರೆಯ ಫಲಕ ಎತ್ತಿಕೊಂಡು ಬಹಳ ವಿನಯದಿಂದ ಕೇಳಿದ: "ಇದನ್ನ ಎಲ್ಲಿ ಹೊಡೀಲಿ ಸಾರ್?"

ಅಶರೀರವಾಣಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಮೇಲೆ," ಎಂದ.

"ಎಷ್ಟು ಮೇಲೆ ಸಾರ್?"

"ತೀರಾ ಮೇಲೆ. ತುದೀ ಮೆಟ್ಟಿಲಿಗೆ. ಅದಕ್ಕಿಂತ ಮೇಲೆ ಬಾಗಿಲು."

ಮಧ್ಯಾಹ್ನದವರೆಗೂ ಫಲಕ ಹೊಡೆದರು. ಅಕ್ಕನ ಬಸವನಹುಳ, ಮೂರು ಹಾಲೆಯ ಕಡಲಹುಳ, ಶಾರ್ಕ್ ಮೀನು ಒಂದೊಂದೇ ಬುಡದ ಮೆಟ್ಟಿಲುಗಳಲ್ಲಿ ಜಾಗ ಹಿಡಿದು ಕೂತವು. ಅವನ ನಕ್ಷತ್ರಗಳ ಪೈಕಿ ಅಭಿಜಿತ್ ಒಂದೇ ಶಾರ್ಕಿನ ಪಕ್ಕದವರೆಗೆ ಇಳಿದು ಹೇಗೋ ಮರ್ಯಾದೆ ಉಳಿಸಿತು. ಉಳಿದ ಝಗಮಗಿಸುವವರೆಲ್ಲ ಮೇಲಿನ ಮೆಟ್ಟಿಲುಗಳಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳ ಹಾಗೆ ಗುಂಪುಗೂಡಿದ್ದರು. ಲಿಫ್ಟಿನವನು ಟೀ ತರುತ್ತೇನೆಂದು ಹೊರಗೆ ಹೋದ. ಅದು ಅವನ ದೊಡ್ಡತನ ಎಂದು ಅಶರೀರವಾಣಿಗೆ ಗೊತ್ತಾಯಿತು. ಗೊತ್ತಾಗಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಕ್ಕ ತಮ್ಮ ಇಬ್ಬರೂ ಮಧ್ಯದ ಒಂದು ಮೆಟ್ಟಿಲ ಮೇಲೆ ಕೂತರು.

"ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದ.

"ಹತ್ತು ವರ್ಷ ಆಯ್ತು. ಯಾವುದೋ ಪತ್ರಿಕೇಲಿ ಓದಿದ್ದೆ."

"ಹತ್ತು ವರ್ಷ! ಹತ್ತು ವರ್ಷ ನಾನು ದಿನಕ್ಕೆ ಮೂರು ಸಲ ಸುಳ್ಳು ಹೇಳೋದನ್ನ ಕೇಳ್ಕೊಂಡು ಕೆಳಗೆ ಕೂತಿದ್ಯಾ?"

"ಓದಿದ ದಿನಾನೇ ಹೇಳೋಣ ಅಂತ ಮೇಲೆ ಬಂದಿದ್ದೆ ಕಣೋ. ನೀನು ಆಗ ತಾನೇ ಪ್ರದರ್ಶನ ಮುಗಿಸಿ ಹೊರಗೆ ಬರ್ತಿದ್ದೆ. ಯಾರೋ ನಿನ್ನ ಕೈ ಕುಲುಕ್ತಿದ್ರು. ನಿನ್ನ ಮುಖ ಹೆಂಗಿತ್ತು ಅಂದ್ರೆ..." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಸುಮ್ನೆ ಇಳಿದು ಹೋಗ್ಬಿಟ್ಟೆ."

ಅವನು ಮೆಟ್ಟಿಲ ಮೇಲೆ ಬಿದ್ದಿದ್ದ ಗೋಡೆಯ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡಿದ.

"ಮತ್ತೆ ಈಗ ಯಾಕೆ ಹೇಳಿದೆ? ನಾನು ಮದುವೆ ಬೇಡ ಅಂದಿದ್ದಕ್ಕೆ ಸೇಡಾ?"

"ಸೇಡು ತೀರಿಸ್ಕೊಳೋ ಹಾಗಿದ್ರೆ ನಿನ್ನ ಹದಿನೈದನೇ ವರ್ಷದಲ್ಲೇ ಶುರು ಮಾಡ್ತಿದ್ದೆ," ಎಂದು ಅಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಾನು ಹೋಗ್ತಿದೀನಲ್ಲ. ಒಂದಲ್ಲ ಒಂದಿನ ಯಾರಾದ್ರೂ ತುಂಬಿದ ಸಭೇಲಿ ಎದ್ದು ನಿಂತು ನಿನಗೆ ಇದನ್ನ ಹೇಳ್ತಾರೆ. ಅವತ್ತು ನೀನು ಮನೆಗೆ ಬಂದ್ರೆ ಮನೇಲಿ ನಾನಿರಲ್ಲ. ಅದಕ್ಕೆ, ಇರೋವಾಗಲೇ ಹೇಳ್ಬಿಡೋಣ ಅನ್ನಿಸ್ತು," ಎಂದಳು.

ಹೇಳಿ ಎದ್ದು, ಸೀರೆಗೆ ಮೆತ್ತಿದ್ದ ಗೋಡೆಯ ಪುಡಿ ಕೊಡವಿಕೊಂಡು, ತನ್ನ ಸೂಜಿ ಕುಂಚಗಳ ಹತ್ತಿರ ಹೋದಳು.

ಅವನು ಅಲ್ಲೇ ಕೂತ. ಕಳ್ಳನಿಗೊಂದು ಪಿಳ್ಳೆ ನೆವ ಬೇಕು. ತಾನು ದೊಡ್ಡವನು ಅಂದುಕೊಳ್ಳಲು ಅವನಿಗೆ ಸಿಕ್ಕಿದ್ದ ನೆವ ಒಂದು ಗೇಣು ಎತ್ತರ, ಒಂದು ಒಡೆದ ದನಿ. ಅಷ್ಟರಲ್ಲೇ ಮೂವತ್ತೇಳು ವರ್ಷ ಸಂಸಾರ ಮಾಡಿದ್ದ. ಅಷ್ಟೂ ವರ್ಷ ಅವನು ಮಾತಾಡಿದ್ದ, ಅವಳು ಅವನ ಮುಖ ನೋಡಿ ಇಳಿದು ಹೋಗಿದ್ದಳು. ಹೀಗೆ ಅವಳು ಇನ್ನೆಷ್ಟು ಸಲ ಏನೇನು ಹೇಳಲು ಬಂದು ಇಳಿದು ಹೋಗಿರಬಹುದು ಎಂದು ಯೋಚಿಸಲು ಹೊರಟ. ಧೈರ್ಯ ಸಾಲಲಿಲ್ಲ.

ಅವತ್ತಿನ ಸಂಜೆ ಪ್ರದರ್ಶನದಲ್ಲಿ ಕೊನೆಯ ಮಾತು ಬರುವವರೆಗೂ ಎಲ್ಲ ಮಾಮೂಲಿನಂತೆಯೇ ನಡೆಯಿತು. ಬಾಣ ಆರ್ದ್ರೆಯ ಮೇಲೆ ನಿಂತಿತು. ಯಂತ್ರಕ್ಕೇನು ಗೊತ್ತು ಪಾಪ, ಡೈನೋಸಾರುಗಳ ನೆರಳೂ ಎದ್ದಿತು. ಅವನು ಗಂಟಲು ಸರಿಮಾಡಿಕೊಂಡ. "ಮಾನ್ಯರೇ, ಈ ನಕ್ಷತ್ರಗಳನ್ನು..." ಎಂದು ಶುರು ಮಾಡಿ ನಿಲ್ಲಿಸಿದ. ಗುಮ್ಮಟದಲ್ಲಿ ಯಾರದೋ ಕೆಮ್ಮು ಕೇಳಿಸಿತು.

"ನೋಡಿ, ಅಲ್ಲಿ ಕತ್ತು ಎತ್ತಿಕೊಂಡು ನಿಂತಿವೆಯಲ್ಲ, ಆ ಪ್ರಾಣಿಗಳು ಏನು ನೋಡ್ತಾ ಇವೆಯೋ ನನಗೆ ಗೊತ್ತಿಲ್ಲ. ಯಾಕಂದ್ರೆ ಅವು ಇದ್ದಾಗ ಈ ಆರ್ದ್ರೆ ಹುಟ್ಟೇ ಇರ್ಲಿಲ್ಲ. ನಮ್ಮ ಕೆಳಗಿನ ಮಹಡೀಲಿ ಒಂದು ಬಸವನಹುಳ ಇದೆ. ಅದು ಇದರ ಮುತ್ತಜ್ಜಿಯ ಮುತ್ತಜ್ಜಿ ಆಗಬಹುದು. ಇಷ್ಟು ವರ್ಷ ನಾನು ಸುಳ್ಳು ಹೇಳ್ತಿದ್ದೆ. ಚೆನ್ನಾಗಿ ಹೇಳ್ತಿದ್ದೆ, ಅದು ಬೇರೆ ವಿಷಯ."

ಗುಮ್ಮಟದ ದನಿ ಅಲ್ಲ, ಉಪ್ಪು ಕೇಳುವ ದನಿಯಲ್ಲಿ ಬಂದಿತ್ತು ಅದು. ಜನ ನಕ್ಕರು. ಆಹಾ ಅನ್ನಲಿಲ್ಲ, ನಕ್ಕರು. ಕತ್ತಲಲ್ಲಿ ಅವನ ಕಿವಿ ಬಿಸಿಯಾಯಿತು. ಆದರೂ ಅದು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ.

ಗುರುವಾರ ಬೆಳಗ್ಗೆ ಅವನು ಎದ್ದಾಗ ಅಕ್ಕ ಆಗಲೇ ಹೊರಟು ಹೋಗಿದ್ದಳು. ತಿಂಡಿ ಮುಚ್ಚಿಟ್ಟಿತ್ತು. ಹತ್ತೂವರೆಯವರೆಗೂ ಅವನು ತಾನು ಹೋಗುವುದಿಲ್ಲ ಎಂದು ಖಚಿತವಾಗಿ ನಂಬಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡದ್ದು ಸುಮ್ಮನೆ. ನೋಂದಣಿ ಕಚೇರಿಯ ಬೀದಿಗೆ ತಿರುಗಿದ್ದು ಬೇರೆ ಕೆಲಸವಿತ್ತು ಎಂದು. ಆ ಕೆಲಸ ಯಾವುದು ಎಂದು ದಾರಿಯುದ್ದಕ್ಕೂ ಹುಡುಕಿದ, ಸಿಗಲಿಲ್ಲ. ಮೂರನೇ ಮಹಡಿಯ ಕೋಣೆಯ ಬಾಗಿಲಲ್ಲಿ ಬೆವರು ಸುರಿಸುತ್ತ, ಉಸಿರು ಎಳೆಯುತ್ತ ನಿಂತಾಗ, ಒಳಗಿನ ಬೆಂಚಿನ ಮೇಲಿದ್ದ ಕಾವಲುಗಾರ ಆಗಷ್ಟೇ ಪೆನ್ನು ತೆಗೆಯುತ್ತಿದ್ದ. ಅಶರೀರವಾಣಿಯನ್ನು ಕಂಡು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಏನೂ ಆಗದವನ ಹಾಗೆ ಎದ್ದು ಜಾಗ ಬಿಟ್ಟ. ಲಿಫ್ಟಿನವನು ಓಡಿ ಬಂದು, "ಕೂತ್ಕೊಳಿ ಸಾರ್, ನೀರು ಕೊಡ್ಲಾ?" ಎಂದ.

"ಸಾರ್ ಅನ್ನಬೇಡಿ," ಎಂದಷ್ಟೇ ಹೇಳಲು ಅವನಿಗೆ ಉಸಿರಿತ್ತು.

ಮೇಜಿನ ಹಿಂದಿನ ಗುಮಾಸ್ತೆ ತಲೆಯೆತ್ತದೆಯೇ ಕೇಳಿದಳು: "ಹುಡುಗಿ ಕಡೆ ಹಿರಿಯರು ಯಾರು?"

ಹುಡುಗಿ ಐವತ್ತೇಳರ ಬಿಳಿ ಜಡೆಯನ್ನು ಬೆನ್ನ ಮೇಲೆ ಬಿಟ್ಟುಕೊಂಡು ಸಹಿ ಹಾಕಲು ಬಗ್ಗಿದ್ದಳು. ಅಶರೀರವಾಣಿ ಮುಂದೆ ಬಂದ. ಗುಮಾಸ್ತೆ ಅವನ ಹೊಟ್ಟೆಯಿಂದ ಬೋಳುತಲೆಯವರೆಗೆ ಒಮ್ಮೆ ಕಣ್ಣಾಡಿಸಿ, "ಅಣ್ಣಾನಾ?" ಎಂದಳು.

ಬಾಯಿ ತೆರೆದ. ಗುಮ್ಮಟ ನಡುಗಿಸುತ್ತಿದ್ದ ಆ ದನಿ ಎಲ್ಲಿ ಅಡಗಿತೋ, ಗಾಳಿ ಮಾತ್ರ ಹೊರಟಿತು.

"ಜೋರಾಗಿ ಹೇಳಿ. ಕೇಳಿಸ್ತಿಲ್ಲ."

"ತಮ್ಮ," ಎಂದ. "ಚಿಕ್ಕವನು. ನನ್ನನ್ನ ಸಾಕಿದ್ದು ಇವಳೇ."

ಅಕ್ಕನ ಕೈ ಅರ್ಧ ಸಹಿಯಲ್ಲಿ ನಿಂತಿತು. ಅವಳು ತಿರುಗಿ ಅವನ ಮುಖ ನೋಡಿದಳು. ಈ ಸಲ ಇಳಿದು ಹೋಗಲಿಲ್ಲ.

"ಮೂಗು ಒರೆಸ್ಕೋ," ಎಂದಳು.

ಐವತ್ತೆರಡು ವರ್ಷದವನು ಒರೆಸಿಕೊಂಡ.